ಬ್ರೇಕಕ್ಕನೂ ತಮ್ಮನ ಕತ್ತಿನ ಗಂಟೂ

ಆ ಊರಿನಲ್ಲಿ ಕಾರು ಓಡಿಸಲು ಕಲಿತವರಲ್ಲಿ ಅರ್ಧಕ್ಕರ್ಧ ಜನ ಅವಳಿಂದ ಬೈಸಿಕೊಂಡವರೇ. ಡ್ರೈವಿಂಗ್ ಶಾಲೆಯ ಬಿಳಿ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟು ಹದಿನಾಲ್ಕು ವರ್ಷದಿಂದ ಅವಳದು. ಆ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇತ್ತು. ಕಲಿಯುವವರು ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ತಡಕಾಡುತ್ತಿರುವಾಗಲೇ ಇವಳ ಕಾಲು ಕೆಲಸ ಮುಗಿಸಿರುತ್ತಿತ್ತು. ಎದುರಿಗೆ ಹಾಲಿನ ವ್ಯಾನು ಬಂದರೂ ಬ್ರೇಕು, ಪಕ್ಕದಲ್ಲಿ ನಾಯಿ ಮೈ ಕೊಡವಿದರೂ ಬ್ರೇಕು, ಏನೂ ಬಾರದೆ ರಸ್ತೆ ಬಿಕೋ ಎನ್ನುತ್ತಿದ್ದರೆ 'ಯಾಕಪ್ಪಾ ಇಷ್ಟು ಖಾಲಿ' ಎಂದು ಇನ್ನೊಂದು ಬ್ರೇಕು. ಹಾಗಾಗಿ ಅವಳಿಗೆ ಬ್ರೇಕಕ್ಕ ಎಂಬ ಹೆಸರು ಬಿತ್ತು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆದರು, ಕೊನೆಗೆ ಶಾಲೆಯ ಮಾಲೀಕರೂ ಪಾಠದ ಪಟ್ಟಿಯಲ್ಲಿ ಹಾಗೆಯೇ ಬರೆಯತೊಡಗಿದರು.

ಮನೆಗೆ ಬಂದರೂ ಆ ಕಾಲಿಗೆ ಬಿಡುವಿರಲಿಲ್ಲ. ಟೀವಿ ನೋಡುತ್ತ ಕೂತರೂ ಬಲಗಾಲು ನೆಲವನ್ನು ಒತ್ತುತ್ತಿತ್ತು.

"ಏನೇ ಅದು, ನೆಲಕ್ಕೆ ತೂತು ಕೊರೀತೀಯಾ?" ಎಂದು ಅಮ್ಮ ಗದರುತ್ತಿದ್ದಳು.

"ಬಿಡಮ್ಮಾ, ಭೂಮಿ ತಿರುಗೋದನ್ನ ನಿಲ್ಲಿಸ್ತಿದಾಳೆ," ಎನ್ನುತ್ತಿದ್ದ ತಮ್ಮ.

ಮನೆಯಲ್ಲಿದ್ದವರು ಈ ಮೂವರೇ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ತಮ್ಮನಿಗೆ ಮೂವತ್ತು, ಅವಳಿಗೆ ಮೂವತ್ತಾರು. ತಮ್ಮ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ತಿಕ್ಕಿ ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದ. ಆಳು ಕುಳ್ಳ, ಅಕ್ಕನ ಭುಜದವರೆಗೆ ಬರುತ್ತಿದ್ದ. ತಲೆತುಂಬ ಕಪ್ಪು ಕೂದಲಿದ್ದರೂ ಮನೆಯಲ್ಲಿ ಅವನ ಹೆಸರು ಮೊಟ್ಟೆ. ಐದನೆಯ ವಯಸ್ಸಿನಲ್ಲಿ ಅವನ ತಲೆ ನುಣ್ಣಗೆ ಮೊಟ್ಟೆಯ ಹಾಗಿತ್ತು. ಆಗ ಬಿದ್ದ ಹೆಸರು ಕೂದಲು ಬಂದ ಮೇಲೂ ಹೋಗಲಿಲ್ಲ.

ಆ ವರ್ಷ ಅವನಿಗೆ ರಕ್ತದ ಕ್ಯಾನ್ಸರು. ಔಷಧಿಗೆ ಒಮ್ಮೆ ಬಗ್ಗಿದ ಹಾಗೆ ಮಾಡಿ ಮತ್ತೆ ತಲೆಯೆತ್ತಿತು. ಇನ್ನು ಉಳಿದಿರುವುದು ಒಂದೇ ದಾರಿ, ಮೂಳೆಯೊಳಗಿನ ಮಜ್ಜೆಯನ್ನೇ ಬದಲಿಸಬೇಕು ಎಂದರು ಡಾಕ್ಟರು. ಅಪ್ಪನ ರಕ್ತ ಹೊಂದಲಿಲ್ಲ, ಅಮ್ಮನದೂ ಹೊಂದಲಿಲ್ಲ. ಹನ್ನೊಂದು ವರ್ಷದ ಅಕ್ಕನದು ಹೇಳಿ ಮಾಡಿಸಿದ ಹಾಗೆ ಹೊಂದಿತು. ಅವನಿಗೆ ಮೈಪೂರ್ತಿ ರೇಡಿಯೇಷನ್ ಕೊಟ್ಟು ಹಳೆಯ ಮಜ್ಜೆಯನ್ನು ಇಲ್ಲವಾಗಿಸಿದರು. ಅವಳನ್ನು ಮಲಗಿಸಿ, ಪ್ರಜ್ಞೆ ತಪ್ಪಿಸಿ, ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ಎಳೆದರು. ಎಚ್ಚರವಾದಾಗ ಅಪ್ಪ ಅವಳ ಹಣೆ ಸವರಿ, "ನಿನ್ನ ರಕ್ತಾನೇ ಇನ್ಮೇಲೆ ಅವನ ಮೈಯಲ್ಲಿ ಓಡೋದು, ಮಗಳೇ," ಎಂದಿದ್ದ. ಆ ಒಂದು ಮಾತು ಅವಳ ಎದೆಯಲ್ಲಿ ಅಚ್ಚೊತ್ತಿ ಕೂತಿತು.

ಕೂತಿತು ಅಂದರೆ ಎಷ್ಟರಮಟ್ಟಿಗೆ! ತಮ್ಮನ ರಕ್ತದ ಗುಂಪು ಬದಲಾಗಿ ಅವಳದೇ ಆಯಿತು. ಅವಳಿಗೆ ಧೂಳು ಕಂಡರೆ ಸಾಲಾಗಿ ಏಳು ಸೀನು ಬರುತ್ತಿದ್ದವು. ಒಂದು ವರ್ಷದ ನಂತರ ಅವನಿಗೂ ಬರತೊಡಗಿದವು. "ನನ್ನ ರಕ್ತದ ಗುಣ," ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಳು. ಅವನು ಲೆಕ್ಕದಲ್ಲಿ ಪಾಸಾದರೆ ತನ್ನ ರಕ್ತ, ಫೇಲಾದರೆ ಅಪ್ಪನ ಕಡೆಯದು. ಹದಿನೇಳನೆಯ ವಯಸ್ಸಿಗೇ ಅವನ ಎರಡೂ ಕಣ್ಣಿಗೆ ಪೊರೆ ಬಂದು ತೆಗೆಸಬೇಕಾಯಿತು. ಅದು ರೇಡಿಯೇಷನ್ನಿನ ಬಾಕಿ ಎಂದು ಡಾಕ್ಟರು ಹೇಳಿದ್ದನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕಣ್ಣು ಸರಿಹೋಯಿತು, ಕನ್ನಡಕದ ಅಂಗಡಿಯವರ ಪರಿಚಯವಾಯಿತು, ಅಲ್ಲೇ ಕೆಲಸವೂ ಸಿಕ್ಕಿತು. ಹದಿನೆಂಟು ತುಂಬಿದ ಮೇಲೆ ಮಕ್ಕಳ ಆಸ್ಪತ್ರೆಯಿಂದ ಕಾಗದ ಬರುವುದು ನಿಂತಿತು. ಕಾಗದ ನಿಂತ ಮೇಲೆ ಇವರೂ ಹೋಗುವುದನ್ನು ನಿಲ್ಲಿಸಿದರು. ಕಾಯಿಲೆ ಮುಗಿದ ಕತೆ ಎಂದುಕೊಂಡರು.

ಆ ಕತೆಯನ್ನು ಬ್ರೇಕಕ್ಕ ತನ್ನ ಪಾಠದ ಭಾಗವನ್ನಾಗಿಯೇ ಮಾಡಿಕೊಂಡಿದ್ದಳು. ಎರಡನೆಯ ದಿನವೋ ಮೂರನೆಯ ದಿನವೋ ಕಲಿಯುವವರು ಏರಿನಲ್ಲಿ ಗಾಡಿ ನಿಲ್ಲಿಸಿಕೊಂಡು, ಹಿಂದಿನವರ ಹಾರನ್ನಿಗೆ ಬೆವರುತ್ತಿರುವಾಗ, ಇವಳು ಶುರು ಮಾಡುತ್ತಿದ್ದಳು: "ಹನ್ನೊಂದು ವರ್ಷಕ್ಕೆ ನನ್ನ ಸೊಂಟದ ಮೂಳೆಗೆ ಸೂಜಿ ಹಾಕಿದ್ರು. ನಾನು ಹೆದರಲಿಲ್ಲ. ನೀವು ಒಂದನೇ ಗೇರಿಗೆ ಹೆದರ್ತೀರಾ?"

ಒಂದು ಸಲ ಸ್ಟೇರಿಂಗ್ ಹಿಡಿದಿದ್ದವಳು ಮಕ್ಕಳ ಆಸ್ಪತ್ರೆಯ ನರ್ಸು. ಹೊಸದಾಗಿ ಕಾರು ಕಲಿಯಲು ಸೇರಿದ್ದಳು. ಕತೆ ಕೇಳಿ ಅವಳು ಹೆದರಲೂ ಇಲ್ಲ, ನಗಲೂ ಇಲ್ಲ. ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ಏರು ಹತ್ತಿಸಿ, ಸಮ ರಸ್ತೆಗೆ ಬಂದ ಮೇಲೆ ಕೇಳಿದಳು.

"ಎಷ್ಟು ವರ್ಷ ಆಯ್ತು ಅಕ್ಕ?"

"ಇಪ್ಪತ್ತೈದು. ಗುಂಡುಕಲ್ಲಿನ ಹಾಗಿದಾನೆ."

"ವರ್ಷಕ್ಕೊಂದ್ಸಲ ತೋರಿಸ್ತಿದೀರಿ ತಾನೆ?"

"ಯಾಕೆ? ವಾಸಿಯಾಯ್ತಲ್ಲ."

ನರ್ಸು ಗಾಡಿಯ ವೇಗ ತಗ್ಗಿಸಿದಳು. "ಮೈಪೂರ್ತಿ ರೇಡಿಯೇಷನ್ ಆಗಿತ್ತಾ?"

"ಆಗಿತ್ತು," ಎನ್ನುತ್ತಿದ್ದಂತೆಯೇ ಬ್ರೇಕಕ್ಕನ ಕಾಲು ಪೆಡಲನ್ನು ಒತ್ತಿತ್ತು. ಎದುರಿಗೆ ಏನೂ ಇರಲಿಲ್ಲ. "ಗಾಡಿ ಪಕ್ಕಕ್ಕೆ ಹಾಕು. ಈಗ ಹೇಳು, ಯಾಕೆ ಕೇಳಿದೆ?"

"ಹೆದರಿಸ್ಬೇಕು ಅಂತ ಅಲ್ಲ ಅಕ್ಕ. ಆಗ ಕೊಟ್ಟ ಔಷಧಿ, ರೇಡಿಯೇಷನ್ನು ಕಾಯಿಲೇನ ಕೊಂದು ಹಾಕುತ್ತೆ. ಆದ್ರೆ ಮೈಗೆ ಅದರ ಏಟು ಬಿದ್ದಿರುತ್ತೆ. ಹತ್ತೋ ಇಪ್ಪತ್ತೋ ವರ್ಷ ಆದ್ಮೇಲೆ ಕೆಲವರಿಗೆ ಬೇರೆ ಕಡೆ ಗಂಟು ಬರಬಹುದು. ಕತ್ತಲ್ಲಿ, ಬಾಯೊಳಗೆ, ಚರ್ಮದಲ್ಲಿ. ಎಲ್ರಿಗೂ ಬರಲ್ಲ. ಬೇಗ ಕಂಡ್ರೆ ಎಷ್ಟೋ ಸಲ ಸಲೀಸಾಗಿ ವಾಸಿ ಮಾಡಬಹುದು. ಅದಕ್ಕೇ ವರ್ಷಾ ವರ್ಷಾ ನೋಡ್ಬೇಕು. ನಮ್ಮಲ್ಲಿ ದೊಡ್ಡವರಾದೋರಿಗೇ ಅಂತ ಶುಕ್ರವಾರ ಒಂದು ಕ್ಲಿನಿಕ್ ಇದೆ. ಕರ್ಕೊಂಡ್ ಬನ್ನಿ."

ಅಂದಿನ ಉಳಿದ ಪಾಠಗಳನ್ನು ಬ್ರೇಕಕ್ಕ ಹೇಗೆ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ. ಸಂಜೆ ಊಟಕ್ಕೆ ಕೂತಾಗ ತಮ್ಮನ ಕತ್ತನ್ನೇ ನೋಡಿದಳು. ಅವನು ನೀರು ಕುಡಿದಾಗ ನೋಡಿದಳು, ಬ್ರೆಡ್ಡು ನುಂಗಿದಾಗ ನೋಡಿದಳು, ಅಮ್ಮನಿಗೆ ಉತ್ತರ ಕೊಡಲು ತಿರುಗಿದಾಗ ಬಗ್ಗಿ ನೋಡಿದಳು.

"ನನ್ನ ಮುಖದಲ್ಲೇನು ಕೋತಿ ಕುಣೀತಿದ್ಯಾ?" ಎಂದ ತಮ್ಮ.

ಅವಳು ನರ್ಸಿನ ಮಾತನ್ನು ಹೇಳಿದಳು. ಅಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ತಮ್ಮ ಎರಡೂ ಕೈ ಜೋಡಿಸಿದ.

"ಅಕ್ಕಾ, ನಿನ್ನ ದಮ್ಮಯ್ಯ. ಆ ಆಸ್ಪತ್ರೆ ವಾಸನೆ ಸಾಕಾಗಿ ಹೋಗಿದೆ ನಂಗೆ. ನೆಗಡಿ ಬಿಟ್ರೆ ಒಂದು ದಿನ ಮಲಗಿಲ್ಲ. ಚೆನ್ನಾಗಿರೋನನ್ನ ಎಳ್ಕೊಂಡು ಹೋಗಿ ಏನ್ ಹುಡುಕಿಸ್ತೀಯ?"

"ಏನೂ ಇಲ್ಲ ಅಂತ ಹುಡುಕಿಸ್ತೀನಿ."

"ಏನೂ ಇಲ್ಲ ಅಂತ ನಾನೇ ಹೇಳ್ತಿದೀನಲ್ಲ."

ಮೂರು ವಾರ ಇದೇ ಆಯಿತು. ಅವಳು ಹೇಳುವುದು, ಅವನು ನುಣುಚಿಕೊಳ್ಳುವುದು. ಅವಳಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಪಾಠದ ನಡುವೆ ಫೋನು ಮಾಡಿ "ನುಂಗೋವಾಗ ನೋಯುತ್ತಾ?" ಎನ್ನುವಳು. ಅವನು ಫೋನನ್ನು ಎತ್ತುವುದನ್ನೇ ಬಿಟ್ಟ. ಕೊನೆಗೆ ಒಂದು ಮಧ್ಯಾಹ್ನ ಅವಳೇ ಅಂಗಡಿಗೆ ಹೋಗಿ, ಕಣ್ಣು ಮಂಜಾಗಿದೆ, ಕನ್ನಡಕ ಬೇಕು ಎಂದು ಗಿಡ್ಡ ಸ್ಟೂಲಿನ ಮೇಲೆ ಕೂತಳು.

"ನಿಂಗೆ ಎದುರು ರಸ್ತೆ ನಾಯಿ ಬಾಲದ ಮೇಲಿನ ಚಿಗಟ ಕಾಣುತ್ತೆ," ಎಂದು ಗೊಣಗಿದರೂ ಮಾಲೀಕರು ನೋಡುತ್ತಿದ್ದುದರಿಂದ ತಮ್ಮ ಅಳತೆಪಟ್ಟಿ ಹಿಡಿದು ಹತ್ತಿರ ಬಂದ. ಎರಡು ಕಣ್ಣುಗುಡ್ಡೆಗಳ ನಡುವಿನ ದೂರ ಅಳೆಯಲು ಅವಳ ಮುಖದ ಮುಂದೆ ಬಗ್ಗಿದ. ಅವನ ಕತ್ತು ಅವಳ ಕಣ್ಣೆದುರಿಗೆ, ಒಂದು ಗೇಣು ದೂರದಲ್ಲಿ ಬಂತು. ಅಂಗಡಿಯ ದೀಪ ಬಲು ಜೋರು. ಅವನು ಉಗುಳು ನುಂಗಿದ. ಗಂಟಲ ಮೂಳೆ ಮೇಲೆ ಹೋಗಿ ಕೆಳಗೆ ಬಂತು. ಅದರ ಎಡಕ್ಕೆ, ಸ್ವಲ್ಪ ಕೆಳಗೆ, ಚರ್ಮದಡಿಯಲ್ಲಿ ಬಟಾಣಿ ಕಾಳಿನಷ್ಟು ಏನೋ ಅದರ ಜೊತೆಗೇ ಮೇಲೆ ಹೋಗಿ ಕೆಳಗೆ ಬಂತು.

ಅವಳು ಅವನ ಕಾಲರನ್ನು ಹಿಡಿದಳು.

"ಇನ್ನೊಂದ್ಸಲ ನುಂಗು."

"ಏನನ್ನ?"

"ನುಂಗೋ!"

ಅವನು ನುಂಗಿದ. ಅವಳು ಬೆರಳಿಟ್ಟಳು. ಅದು ಬೆರಳಿನಡಿಯಲ್ಲಿ ಜಾರಿತು.

"ಗಂಟಲ ಮೂಳೆ ಕಣೇ ಅದು. ಗಂಡಸರಿಗೆಲ್ಲ ಇರುತ್ತೆ."

"ಗಂಟಲ ಮೂಳೆ ನಡೂ ಮಧ್ಯ ಇರುತ್ತೆ. ಪಕ್ಕದಲ್ಲಿ ಮರಿ ಹಾಕಲ್ಲ."

ಅಂಗಡಿಯ ತುಂಬ ಕನ್ನಡಿಗಳು. ತಮ್ಮ ಒಂದರ ಮುಂದೆ ನಿಂತು ಗದ್ದ ಎತ್ತಿ ನುಂಗಿ ನೋಡಿದ. ಇನ್ನೊಂದರ ಮುಂದೆ ಹೋಗಿ ಮತ್ತೆ ನುಂಗಿದ. ಮೂರನೆಯದರ ಹತ್ತಿರ ಹೋಗಲಿಲ್ಲ. ಅಳತೆಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಶುಕ್ರವಾರ ಎಷ್ಟು ಗಂಟೆಗೆ?" ಎಂದು ಕೇಳಿದ.

ದೊಡ್ಡವರ ಕ್ಲಿನಿಕ್ಕು ಮಕ್ಕಳ ಆಸ್ಪತ್ರೆಯ ಒಂದು ಮೂಲೆಯಲ್ಲಿತ್ತು. ಗೋಡೆಯ ಮೇಲೆ ಹಳದಿ ಜಿರಾಫೆ, ಅದರ ಕತ್ತಿನುದ್ದಕ್ಕೂ ಮಕ್ಕಳ ಎತ್ತರ ಅಳೆಯುವ ಗೆರೆಗಳು. ಕೂರಲು ಮೊಣಕಾಲೆತ್ತರದ ಕುರ್ಚಿಗಳು. ಗಡ್ಡ ಬಂದ ಗಂಡಸರು, ಕೈಚೀಲ ಹಿಡಿದ ಹೆಂಗಸರು ಆ ಗೊಂಬೆ ಕುರ್ಚಿಗಳಲ್ಲಿ ಮುದುರಿಕೊಂಡು ಕೂತಿದ್ದರು. ತಮ್ಮನಿಗೊಬ್ಬನಿಗೆ ಮಾತ್ರ ಕುರ್ಚಿ ಸರಿಹೊಂದಿತು. "ನೋಡು, ನನಗೇ ಅಂತ ಮಾಡ್ಸಿದಾರೆ," ಎಂದ. ಅವಳಿಗೆ ನಗು ಬರಲಿಲ್ಲ. ಅವಳು ಕೂರಲೂ ಇಲ್ಲ. ಜಿರಾಫೆಯಿಂದ ಬಾಗಿಲಿಗೆ, ಬಾಗಿಲಿನಿಂದ ಜಿರಾಫೆಗೆ ನಡೆದಳು.

ಡಾಕ್ಟರಮ್ಮ ನೆರೆಗೂದಲಿನವರು, ಮಾತು ನಿಧಾನ. ತಮ್ಮನ ಹಿಂದೆ ನಿಂತು ಎರಡೂ ಕೈಯಿಂದ ಕತ್ತು ಮುಟ್ಟಿದರು. ಬಾಯಿ ತೆರೆಸಿ ನಾಲಿಗೆಯ ಅಡಿ, ಕೆನ್ನೆಯ ಒಳಗು ನೋಡಿದರು. ಬೆನ್ನಿನ ಮಚ್ಚೆಗಳನ್ನೆಲ್ಲ ಒಂದೊಂದಾಗಿ ನೋಡಿದರು. ಅಂದೇ ಸ್ಕ್ಯಾನ್ ಆಯಿತು. ಥೈರಾಯ್ಡ್ ಗ್ರಂಥಿಯಲ್ಲಿ ಗಂಟಿದೆ, ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಅದನ್ನೂ ಅಂದೇ ಮಾಡಿದರು. ಫಲಿತಾಂಶಕ್ಕೆ ಹತ್ತು ದಿನ.

"ಹಳೇ ಕಾಗದ ಏನಾದ್ರೂ ಮನೇಲಿದ್ರೆ ತನ್ನಿ," ಎಂದು ಹೊರಡುವಾಗ ಹೇಳಿದರು. "ಎಷ್ಟು ರೇಡಿಯೇಷನ್ ಕೊಟ್ಟಿದ್ರು ಅಂತ ನೋಡ್ಬೇಕು. ಇಲ್ಲಿರೋ ಕಡತದಲ್ಲಿ ಅರ್ಧ ಹಾಳೆ ಇಲ್ಲ."

ಕಾಗದಗಳು ಅಮ್ಮನ ಕಪಾಟಿನಲ್ಲಿದ್ದವು. ಕೇಳಿದಾಗಲೆಲ್ಲ ಅಮ್ಮ, "ಹುಡುಕ್ತೀನಿ, ಅವಸರ ಮಾಡ್ಬೇಡ," ಎಂದಳು. ಎರಡು ದಿನ ಕಳೆಯಿತು, ನಾಲ್ಕು ದಿನ ಕಳೆಯಿತು. ಐದನೆಯ ದಿನ ಅಮ್ಮ ಇಸ್ತ್ರಿ ಮಾಡುತ್ತ, ಯಾರಿಗೂ ಅಲ್ಲವೆಂಬಂತೆ ಒಂದು ಮಾತು ಆಡಿದಳು.

"ನಿಮ್ಮಪ್ಪನ ಅಕ್ಕನಿಗೂ ಕತ್ತಲ್ಲಿ ಗಂಟಿತ್ತು. ನೀನು ಥೇಟ್ ಅವಳ ಹಾಗೇ ಅಲ್ವಾ, ಮೈಕಟ್ಟು, ಮೂಗು, ಕೋಪ ಎಲ್ಲಾ. ಅಲ್ಲಿಂದ ಬಂತೋ ಏನೋ."

ಅಮ್ಮ ಹೇಳಿ ಮರೆತಳು. ಬ್ರೇಕಕ್ಕನಿಗೆ ಮಾತ್ರ ಆ ಮಾತು ಕಿವಿಯೊಳಗೆ ಹೊಕ್ಕ ಸೊಳ್ಳೆಯಾಯಿತು. ಅತ್ತೆಯ ಗುಣ ತನಗೆ, ತನ್ನ ರಕ್ತ ತಮ್ಮನಿಗೆ. ಹಾಗಾದರೆ ಆ ಗಂಟು ಹೋದದ್ದು ತನ್ನಿಂದಲೇ? ಇಪ್ಪತ್ತೈದು ವರ್ಷ ಜಂಬ ಕೊಚ್ಚಿಕೊಂಡು ಓಡಾಡಿದ ಆ ರಕ್ತದೊಳಗೇ ಇದೂ ಕೂತಿತ್ತೇ? ಸೀನು ಹೋಗಿರಬಹುದಾದರೆ ಇದು ಯಾಕೆ ಹೋಗಬಾರದು?

ಅಂದಿನಿಂದ ಅವಳು ತಮ್ಮನ ಕತ್ತು ನೋಡುವುದನ್ನು ಬಿಟ್ಟಳು. ಮುಖವನ್ನೂ ನೋಡಲಾಗಲಿಲ್ಲ. ಅವನು ಅಡುಗೆಮನೆಗೆ ಬಂದರೆ ಅವಳು ಹಿತ್ತಲಿಗೆ, ಅವನು ಹಿತ್ತಲಿಗೆ ಬಂದರೆ ಅವಳು ಬೀದಿಗೆ. ಸ್ನಾನದ ಮನೆಯ ಕನ್ನಡಿಯಲ್ಲಿ ತನ್ನ ಕತ್ತನ್ನೇ ಹಿಚುಕಿ ಹಿಚುಕಿ ಕೆಂಪು ಮಾಡಿಕೊಂಡಳು. ಅಲ್ಲಿ ಏನೂ ಸಿಗಲಿಲ್ಲ. ಸಿಗದೆ ಇದ್ದದ್ದೂ ಸಮಾಧಾನ ತರಲಿಲ್ಲ. ತನ್ನದನ್ನು ಅವನಿಗೆ ದಾಟಿಸಿ ತಾನು ಖಾಲಿಯಾದೆನೇನೋ ಅನ್ನಿಸಿತು. ಇಂಥ ಯೋಚನೆಗೆ ತಲೆಬುಡ ಇಲ್ಲವೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು?

ಎಂಟನೆಯ ದಿನ ಪಾಠದಲ್ಲಿ, ನಿವೃತ್ತ ಮೇಷ್ಟರೊಬ್ಬರು ಗಾಡಿಯನ್ನು ಹಿಂದಕ್ಕೆ ತೆಗೆಯುತ್ತ ನೇರವಾಗಿ ಕಸದ ಡಬ್ಬಿಗೆ ಗುದ್ದಿದರು. ಡಬ್ಬಿ ಉರುಳಿ ರಸ್ತೆಯೆಲ್ಲ ಸಿಪ್ಪೆ. ಮೇಷ್ಟರು ಬೈಗುಳಕ್ಕಾಗಿ ಭುಜ ಕುಗ್ಗಿಸಿ ಕಾದರು. ಬೈಗುಳ ಬರಲಿಲ್ಲ. ಅವಳ ಕಾಲು ಪೆಡಲಿನ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು.

"ಮೇಡಂ, ಹುಷಾರಿಲ್ವಾ?" ಎಂದು ಕೇಳಿದರು ಮೇಷ್ಟರು, ಗುದ್ದಿದ್ದಕ್ಕಿಂತ ಹೆಚ್ಚು ಗಾಬರಿಯಾಗಿ.

ಅವಳು ಗಾಡಿಯನ್ನು ಶಾಲೆಗೆ ಬಿಟ್ಟು ನೇರ ಮನೆಗೆ ನಡೆದಳು. ಅಮ್ಮ ಅಂಗಡಿಗೆ ಹೋಗಿದ್ದಳು. ಬೀಗದ ಕೈ ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು. ಕಪಾಟಿನ ಕೆಳಗಿನ ಖಾನೆಯಲ್ಲಿ, ಚಳಿಗಾಲದ ಹೊದಿಕೆಗಳ ಅಡಿಯಲ್ಲಿ ಬಟ್ಟೆಯ ಚೀಲವೊಂದರಲ್ಲಿ ಎಲ್ಲ ಕಾಗದಗಳೂ ಸಾಲಾಗಿ, ತಾರೀಖಿನ ಪ್ರಕಾರ ಇದ್ದವು. ಹುಡುಕುವ ಮಾತೇ ಇರಲಿಲ್ಲ. ನೆಲದ ಮೇಲೆ ಕೂತು ಒಂದೊಂದೇ ತಿರುವಿದಳು. ಕಸಿಗೆ ಮುಂಚಿನ ಒಪ್ಪಿಗೆ ಪತ್ರ ಸಿಕ್ಕಿತು. ಅದರಲ್ಲಿ ಆಗಬಹುದಾದದ್ದನ್ನೆಲ್ಲ ಬರೆದಿದ್ದರು: ಬೆಳವಣಿಗೆ ಕುಂಠಿತವಾಗಬಹುದು, ಕಣ್ಣಿಗೆ ಪೊರೆ ಬರಬಹುದು, ಮಕ್ಕಳಾಗದೆ ಇರಬಹುದು. ಕೊನೆಯ ಸಾಲು: ವರ್ಷಗಳ ನಂತರ ದೇಹದ ಬೇರೆ ಭಾಗದಲ್ಲಿ ಹೊಸ ಗೆಡ್ಡೆ ಅಥವಾ ಕ್ಯಾನ್ಸರ್ ಉಂಟಾಗಬಹುದು. ಅದರ ಕೆಳಗೆ ಎರಡು ಸಹಿ. ಒಂದು ಅಪ್ಪನದು, ಇನ್ನೊಂದು ಅಮ್ಮನದು. ಕೊನೆಯ ಸಾಲಿನ ಅಡಿಯಲ್ಲಿ ಯಾರೋ ನೀಲಿ ಶಾಯಿಯಿಂದ ಗೆರೆ ಎಳೆದಿದ್ದರು.

ಅಮ್ಮ ಚೀಲ ಹಿಡಿದು ಒಳಗೆ ಬಂದವಳು ಬಾಗಿಲಲ್ಲೇ ನಿಂತಳು.

"ನಿಂಗೆ ಗೊತ್ತಿತ್ತು," ಎಂದಳು ಮಗಳು.

ಅಮ್ಮ ಚೀಲ ಕೆಳಗಿಟ್ಟಳು. ಮಂಚದ ತುದಿಯಲ್ಲಿ ಕೂತಳು.

"ಗೊತ್ತಿತ್ತು."

"ಇಪ್ಪತ್ತೈದು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೆ!"

"ಏನಂತ ಹೇಳ್ಬೇಕಿತ್ತು? ಐದು ವರ್ಷದ ಕೂಸಿಗೆ ಹೇಳ್ಲಾ? ಸೊಂಟ ನೋವು ಅಂತ ಅಳ್ತಿದ್ದ ನಿಂಗೆ ಹೇಳ್ಲಾ? ಇವತ್ತು ಉಳಿಸ್ಕೊಳ್ಳಿ, ನಾಳೇದು ನಾಳೆ ನೋಡೋಣ ಅಂದ್ರು. ನಾವು ಇವತ್ತನ್ನ ಉಳಿಸ್ಕೊಂಡ್ವಿ."

"ಆಮೇಲೆ? ಅವನು ದೊಡ್ಡೋನಾದ್ಮೇಲೆ?"

ಅಮ್ಮ ತನ್ನ ಅಂಗೈಗಳನ್ನು ನೋಡಿಕೊಂಡಳು. "ಸ್ನಾನ ಆದ್ಮೇಲೆ ಅವನ ತಲೆ ಒರೆಸ್ತಿದ್ದೆನಲ್ಲ, ನೆನಪಿದ್ಯಾ? ಹನ್ನೆರಡು ವರ್ಷದವರೆಗೂ ನಾನೇ ಒರೆಸ್ತಿದ್ದೆ. ನೀನು ನಗ್ತಿದ್ದೆ, ಇಷ್ಟು ದೊಡ್ಡೋನಿಗೆ ತಲೆ ಒರೆಸ್ತೀಯಲ್ಲಮ್ಮ ಅಂತ. ಟವೆಲ್ಲಿನಡಿ ಕೈ ಹಾಕಿ ಕತ್ತು, ಕಂಕುಳು ಎಲ್ಲಾ ಮುಟ್ಟಿ ನೋಡ್ತಿದ್ದೆ ಕಣೇ. ದಿನಾ. ಆಮೇಲೆ ಅವನು ಬಾಗಿಲು ಹಾಕ್ಕೊಂಡ. ಮುಟ್ಟೋಕೆ ಬಿಡಲಿಲ್ಲ. ಮೀಸೆ ಬಂದ ಮಗನ ಕತ್ತಿಗೆ ಕೈ ಹಾಕಕ್ಕಾಗುತ್ತಾ? ಏನೂ ಆಗಿಲ್ಲ, ಇನ್ನಾಗಲ್ಲ ಅಂದ್ಕೊಂಡೆ. ದಿನಾ ಅಂದ್ಕೊಂಡ್ರೆ ಅಭ್ಯಾಸ ಆಗ್ಬಿಡುತ್ತೆ."

ಬ್ರೇಕಕ್ಕನಿಗೆ ಬೈಯಬೇಕೆನ್ನಿಸಿತು. ಬೈಗುಳಕ್ಕೆ ಅವಳಲ್ಲಿ ಎಂದೂ ಬರವಿರಲಿಲ್ಲ. ಆದರೆ ಅಮ್ಮ ಕೂತ ರೀತಿ, ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡ ರೀತಿ ನೋಡಿ ಬೈಯದೆ ಬೇರೊಂದು ಕೇಳಿದಳು.

"ಮತ್ತೆ ಅತ್ತೆಯಿಂದ ಬಂತೇನೋ ಅಂತ ಯಾಕಂದೆ?"

"ಅಂದ್ನಾ?" ಅಮ್ಮನಿಗೆ ನಿಜವಾಗಿಯೂ ನೆನಪಿರಲಿಲ್ಲ. "ನಾನು ಹಾಕಿದ ಸಹಿಯಿಂದ ಬಂದಿದ್ದಲ್ಲ ಅಂತ ನಂಗೆ ನಾನೇ ಹೇಳ್ಕೊಳ್ಳೋಕೆ ಏನೋ ಅಂದಿರ್ಬೇಕು."

ಹತ್ತನೆಯ ದಿನ ಮೂವರೂ ಹೋದರು. ಡಾಕ್ಟರಮ್ಮ ಸುತ್ತಿಬಳಸಲಿಲ್ಲ. ಕ್ಯಾನ್ಸರೇ. ಥೈರಾಯ್ಡಿನದು, ನಿಧಾನಕ್ಕೆ ಬೆಳೆಯುವ ಜಾತಿ, ಬೇಗ ಸಿಕ್ಕಿದೆ. ಗ್ರಂಥಿಯನ್ನು ಪೂರ್ತಿ ತೆಗೆದುಬಿಡೋಣ, ಆಮೇಲೆ ದಿನಕ್ಕೊಂದು ಮಾತ್ರೆ ಬದುಕಿರುವವರೆಗೂ. ತಮ್ಮ ತಲೆಯಾಡಿಸಿದ. ಅವನ ಮುಖ ಸುಣ್ಣ ಬಳಿದ ಹಾಗಾಗಿತ್ತು, ಆದರೆ ಕೇಳಿದ್ದು ಇಷ್ಟೇ: "ಕೆಲಸಕ್ಕೆ ಎಷ್ಟು ದಿನ ರಜ ಹಾಕ್ಬೇಕು?"

ತಮ್ಮ, ಅಮ್ಮ ರಕ್ತ ಕೊಡುವ ಕೋಣೆಗೆ ಹೋದಾಗ ಬ್ರೇಕಕ್ಕ ಹಿಂದೆ ಉಳಿದಳು. ಬಾಗಿಲ ಹಿಡಿಯನ್ನು ಹಿಡಿದುಕೊಂಡೇ ಕೇಳಿದಳು.

"ಡಾಕ್ಟ್ರೇ, ಅವನಿಗೆ ಮಜ್ಜೆ ಕೊಟ್ಟೋಳು ನಾನು. ನಮ್ಮತ್ತೆಗೆ ಕತ್ತಲ್ಲಿ ಗಂಟಿತ್ತು. ಇದು... ನನ್ನಿಂದ ಹೋಗಿದ್ದಾ?"

ಡಾಕ್ಟರಮ್ಮ ಕನ್ನಡಕ ತೆಗೆದರು. "ಬಾಗಿಲು ಹಾಕಿ ಕೂತ್ಕೊಳ್ಳಮ್ಮ. ನೀನು ಕೊಟ್ಟಿದ್ದು ರಕ್ತ ಹುಟ್ಟಿಸೋ ಕಣಗಳು. ಅವು ಅವನ ಮೂಳೆಯೊಳಗೆ ಕೂತು ಇವತ್ತಿಗೂ ರಕ್ತ ಮಾಡ್ತಿವೆ, ಚೆನ್ನಾಗೇ ಮಾಡ್ತಿವೆ. ಕತ್ತಿನ ಗ್ರಂಥಿ ಅವನು ಹುಟ್ಟಿದಾಗಿನಿಂದ ಅವನದೇ. ಗಂಟು ಬಂದಿರೋದು ಅದರಲ್ಲಿ. ಐದು ವರ್ಷದ ಮಗುವಿನ ಕತ್ತಿಗೆ ಅಷ್ಟು ರೇಡಿಯೇಷನ್ ಬಿದ್ದಿದೆ, ಅದರಿಂದ ಅಂತಲೇ ನನ್ನ ಲೆಕ್ಕ. ನಿನ್ನ ಅತ್ತೆ ಅಲ್ಲ, ನೀನೂ ಅಲ್ಲ."

"ಹಾಗಾದ್ರೆ ರೇಡಿಯೇಷನ್ ಕೊಡದೇ ಇದ್ದಿದ್ರೆ?"

"ನಿನ್ನ ಮಜ್ಜೆಗೆ ಅಲ್ಲಿ ಜಾಗ ಸಿಗ್ತಿರಲಿಲ್ಲ. ಆಗಿನ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಅವನು ಆರನೇ ವರ್ಷ ನೋಡೋದೇ ಅನುಮಾನ ಇತ್ತು."

ಇದನ್ನು ಕೇಳಿದರೆ ಹಗುರಾಗಬೇಕಿತ್ತು. ಒಂದು ಕಡೆ ಹಗುರವಾಯಿತು ಕೂಡ. ಇನ್ನೊಂದು ಕಡೆ, ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಅವರೇ ಇಲ್ಲದ ಹಾಗಾಗಿ, ಕೈಕಾಲಿನಲ್ಲಿ ತುಂಬಿಕೊಂಡಿದ್ದ ಸಿಟ್ಟಿಗೆ ಹೋಗಲು ಜಾಗವೇ ಇರಲಿಲ್ಲ. ಹೊರಗೆ ಬಂದು ಆಸ್ಪತ್ರೆಯ ಸುತ್ತ ಎರಡು ಸುತ್ತು ಬಿರಬಿರನೆ ನಡೆದಳು. ಪಾರ್ಕಿಂಗಿನಲ್ಲಿ ಅಡ್ಡಡ್ಡ ಗಾಡಿ ನಿಲ್ಲಿಸುತ್ತಿದ್ದ ಒಬ್ಬ ಅಪರಿಚಿತನಿಗೆ ಸಿಕ್ಕಾಪಟ್ಟೆ ಬೈದಳು. ಅವನು ತಬ್ಬಿಬ್ಬಾಗಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿದ.

ಆಪರೇಷನ್ನು ಬೆಳಗ್ಗೆ ಎಂಟಕ್ಕೆ ಶುರುವಾಗಿ ಹನ್ನೊಂದೂವರೆಗೆ ಮುಗಿಯಿತು. ಮೂರೂವರೆ ಗಂಟೆ ಅವಳು ಮೆಟ್ಟಿಲು ಹತ್ತಿ ಇಳಿದಳು. ಅಮ್ಮ ಒಂದೇ ಕುರ್ಚಿಯಲ್ಲಿ ಕಂಬದ ಹಾಗೆ ಕೂತಿದ್ದಳು. ಎಲ್ಲವನ್ನೂ ತೆಗೆದಾಗಿದೆ, ಪಕ್ಕದ ಎರಡು ಸಣ್ಣ ಗ್ರಂಥಿಗಳಿಗೂ ಹರಡಿತ್ತು, ಅವನ್ನೂ ತೆಗೆದಿದ್ದೇವೆ ಎಂದರು. ಎರಡು ತಿಂಗಳಾದ ಮೇಲೆ, ಅಳಿದುಳಿದದ್ದನ್ನು ಕೊಲ್ಲಲು ರೇಡಿಯೇಷನ್ ಇರುವ ಅಯೋಡಿನ್ನಿನ ಒಂದು ಔಷಧಿ ಕುಡಿಸಿ ಒಂದೆರಡು ದಿನ ಒಂಟಿ ಕೋಣೆಯಲ್ಲಿ ಇರಿಸಬೇಕಾಗುತ್ತದೆ ಎಂದೂ ಹೇಳಿದರು.

ತಮ್ಮನ ದನಿ ಪೂರ್ತಿ ಬಿದ್ದುಹೋಗಿತ್ತು. ಕೆಲವು ವಾರ ಹೀಗೇ ಇರುತ್ತದೆ, ಮಾತಾಡಿ ಒತ್ತಡ ಹಾಕಬೇಡಿ ಎಂದಿದ್ದರು. ಮೂರನೆಯ ದಿನ ಮಂಚದ ಮೇಲೆ ಒರಗಿ ಕೂತವನು, ಔಷಧಿ ಚೀಟಿಯ ಹಿಂಬದಿಯಲ್ಲಿ ಬರೆದು ಅವಳ ಕಡೆ ಚಾಚಿದ: 'ಫಲಿತಾಂಶಕ್ಕೆ ಕಾಯ್ತಿದ್ದಾಗ ನನ್ನ ಮುಖ ಯಾಕೆ ನೋಡಲಿಲ್ಲ?'

ಅವಳು ಕಿಟಕಿಯ ಪರದೆ ಸರಿಸಿದಳು, ನೀರಿನ ಲೋಟ ಆಚೀಚೆ ಮಾಡಿದಳು.

'ಹೇಳು,' ಎಂದು ಅವನು ಮತ್ತೆ ಬರೆದ.

"ನನ್ನ ರಕ್ತದಿಂದ ಬಂತು ಅಂದ್ಕೊಂಡಿದ್ದೆ ಕಣೋ."

ಅವನು ಕಣ್ಣರಳಿಸಿ ನೋಡಿದ. ಪೆನ್ನು ಹಿಡಿದು ಗೀಚಿದ, ಅಕ್ಷರ ದಪ್ಪದಪ್ಪ: 'ಮಂಕೇ. ಎಲ್ಲದಕ್ಕೂ ನೀನೇ ಕಾರಣ ಆಗ್ಬೇಕಾ? ನನ್ನ ಕತ್ತು ನನ್ನದು.' ಆಮೇಲೆ ಚೀಟಿಯನ್ನು ವಾಪಸು ಕಿತ್ತುಕೊಂಡು ಇನ್ನೂ ಒಂದು ಸಾಲು ಸೇರಿಸಿದ: 'ಐದನೇ ವಯಸ್ಸಿನಿಂದ ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ. ನೀನೇ ಊರಿಗೆಲ್ಲ ಹೇಳ್ತಿದ್ದೆಯಲ್ಲ, ನನಗೆ ಜಾಗ ಇರಲಿಲ್ಲ.'

ಅವಳು ನಕ್ಕಳು. ನಗುತ್ತಲೇ ಅಳು ಬಂತು. ಅವನಿಗೂ ನಗು ಬಂದು ಹೊಲಿಗೆ ಎಳೆದು, ಕತ್ತು ಹಿಡಿದುಕೊಂಡು ಕೈಸನ್ನೆಯಲ್ಲಿ ಬೈದ. ಬಾಗಿಲಲ್ಲಿ ನಿಂತ ಅಮ್ಮ ಒಳಗೆ ಬರಲೋ ಬೇಡವೋ ಎಂದು ಹಿಂಜರಿದಳು. ತಮ್ಮ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈಯನ್ನೆತ್ತಿ, ಪಟ್ಟಿ ಸುತ್ತಿದ ಜಾಗದ ಪಕ್ಕಕ್ಕೆ, ಬಲಗಡೆ ಕತ್ತಿನ ಮೇಲೆ ಇಟ್ಟುಕೊಂಡ. ಅಮ್ಮ ಕೈ ತೆಗೆಯಲಿಲ್ಲ. ಕಪಾಟಿನ ವಿಷಯವನ್ನು ಅಮ್ಮನೇ ಅವನಿಗೆ ಹೇಳಿದ್ದಳೆಂದು ಬ್ರೇಕಕ್ಕನಿಗೆ ಗೊತ್ತಾದದ್ದು ಆಗ.

ಅವನ ದನಿ ಏಳನೆಯ ವಾರಕ್ಕೆ ಮರಳಿತು, ಮೊದಲಿಗಿಂತ ಸ್ವಲ್ಪ ಗೊಗ್ಗರಾಗಿ. ಅಯೋಡಿನ್ ಔಷಧಿ ಕುಡಿದು ಒಂಟಿ ಕೋಣೆಯಲ್ಲಿದ್ದಾಗ ಬ್ರೇಕಕ್ಕ ಗಂಟೆಗೊಮ್ಮೆ ಫೋನು ಮಾಡಿದಳು. ಈ ಸಲ ಅವನು ಪ್ರತಿ ಸಲವೂ ಎತ್ತಿದ. ಕೆಲಸಕ್ಕೆ ಮರಳಿದ ದಿನ ಅಂಗಡಿಯ ಮಾಲೀಕರು ಕತ್ತಿನ ಗಾಯದ ಗೆರೆ ಕಾಣದಂತೆ ಮೇಲಿನ ಗುಂಡಿ ಹಾಕಿಕೋ ಎಂದರು. ಅವನು ಹಾಕಿಕೊಳ್ಳಲಿಲ್ಲ. ಗಿರಾಕಿಗಳು ಕೇಳಿದರೆ ಹೇಳುತ್ತಿದ್ದ, ಕೇಳದಿದ್ದರೆ ಗಾಜು ತಿಕ್ಕುತ್ತಿದ್ದ. ಹಳೆಯ ಕಾಗದಗಳ ಬಟ್ಟೆ ಚೀಲ ಅಮ್ಮನ ಕಪಾಟಿನಿಂದ ಅವನ ಮೇಜಿಗೆ ಬಂತು. ಶುಕ್ರವಾರದ ಕ್ಲಿನಿಕ್ಕಿನ ತಾರೀಖುಗಳನ್ನು ಈಗ ಅವನೇ ಗುರುತು ಹಾಕಿಕೊಳ್ಳುತ್ತಾನೆ.

ಬ್ರೇಕಕ್ಕ ಮಾತ್ರ ಶಾಂತಳಾಗಲಿಲ್ಲ. ಕತ್ತಿನ ಚಿಂತೆ ಹೋಗಿ ಬಾಯಿಯ ಚಿಂತೆ ಬಂತು, ಬಾಯಿಯದು ಹೋಗಿ ಚರ್ಮದ್ದು. ಡಾಕ್ಟರಮ್ಮನೇ ಹೇಳಿದ್ದಾರೆ, ಇನ್ನೊಂದು ಬರಲಾರದು ಎಂದು ಬರೆದುಕೊಡಲು ಸಾಧ್ಯವಿಲ್ಲ, ನೋಡುತ್ತಿರಬೇಕು ಅಷ್ಟೇ ಎಂದು. ಕಲಿಯುವವರಿಗೆ ಅವಳು ಈಗಲೂ ಆ ಕತೆ ಹೇಳುತ್ತಾಳೆ, ಆದರೆ 'ವಾಸಿಯಾಯಿತು' ಎಂಬಲ್ಲಿಗೆ ನಿಲ್ಲಿಸುವುದಿಲ್ಲ. ಮನೆಯಲ್ಲಿ, ಬಂಧುಬಳಗದಲ್ಲಿ ಚಿಕ್ಕಂದಿನಲ್ಲಿ ಇಂಥ ಚಿಕಿತ್ಸೆಯಾದವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಾಳೆ. ಇಬ್ಬರು ಇದ್ದಾರೆ ಎಂದರು. ಒಬ್ಬಳು ಕ್ಲಿನಿಕ್ಕಿಗೆ ಹೋಗಿ ಏನೂ ಇಲ್ಲವೆಂದು ಬಂದಳು. ಇನ್ನೊಬ್ಬ ಇನ್ನೂ ಹೋಗಿಲ್ಲ. ಕಾರು ಕಲಿಯಲು ಬರುವ ಅವನ ಚಿಕ್ಕಮ್ಮನನ್ನು ಬ್ರೇಕಕ್ಕ ವಾರಕ್ಕೊಮ್ಮೆ ಪೀಡಿಸುತ್ತಿದ್ದಾಳೆ.

ಮೊನ್ನೆ ಒಂದು ವರ್ಷದ ತಪಾಸಣೆ. ರಕ್ತ, ಸ್ಕ್ಯಾನು, ಬಾಯಿ, ಬೆನ್ನು ಎಲ್ಲ ನೋಡಿ, ಈಗ ಏನೂ ಕಾಣುತ್ತಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಿಂತಾಗ ಅವಳು ಕೇಳಿದಳು.

"ಎಡಗೈ ಮೇಲಿನ ಮಚ್ಚೆ ತೋರ್ಸಿದ್ಯಾ?"

"ತೋರ್ಸಿದೆ. ಮಚ್ಚೆ ಅಂದ್ರು."

"ಹೋದ ತಿಂಗಳು ಇಷ್ಟು ದೊಡ್ಡದಿರಲಿಲ್ಲ."

"ಅಕ್ಕಾ, ಅದು ಶಾಯಿ." ಅವನು ಬೆರಳಿಗೆ ಉಗುಳು ಹಚ್ಚಿ ತಿಕ್ಕಿದ. ಅರ್ಧ ಅಳಿಸಿತು. ಉಳಿದ ಅರ್ಧವನ್ನು ಇಬ್ಬರೂ ಬಿಸಿಲಿಗೆ ಹಿಡಿದು ನೋಡುತ್ತಿರುವಾಗ ಬಸ್ಸು ಬಂತು.